ಡಬ್ಬಿಯ ಬಾಯಿಗೆ ಕುಲಾವಿ

ತಪ್ಪು ನಡೆದದ್ದು ಹೀಗೆ: ಸೀಗಡಿ ಮಾರಿದವನೇ ಸೀಗಡಿ ಮರಿ ನುಂಗುವ ಡಬ್ಬಿಯನ್ನೂ ಮಾರಿದ. ಎರಡನ್ನೂ ಒಂದೇ ಚೀಲದಲ್ಲಿ ಹಾಕಿ ಕೊಟ್ಟ. ಇದು ಅದನ್ನು ತಿನ್ನುತ್ತದೆ ಅಂತ ಒಂದು ಮಾತು ಹೇಳಲಿಲ್ಲ. ಊರು ಅವನನ್ನು ಜಾಣ ವ್ಯಾಪಾರಿ ಅಂದಿತು. ಆ ಡಬ್ಬಿಯ ಬಾಯಿ ಕಟ್ಟಲು ಐದು ತಿಂಗಳು ಒದ್ದಾಡಿದವನನ್ನು ಪೆದ್ದ ಅಂದಿತು. ಕತೆ ಕೇಳಿ. ಕೇಳಿದ ಮೇಲೆ ಯಾರಿಗೆ ಯಾವ ಹೆಸರು ಇಡಬೇಕೋ ನೀವೇ ಇಡಿ.

ಫಕೀರವ್ವ ಅಂತ ಒಬ್ಬಾಕೆ ಇದ್ದಳು. ಬಾಣಂತಿಯರಿಗೆ ಎಣ್ಣೆ ತಿಕ್ಕಿ ನೀರೆರೆಯುವುದು, ಕೂಸುಗಳನ್ನು ಚಾಚಿದ ಕಾಲ ಮೇಲೆ ಮಲಗಿಸಿ ಮೀಯಿಸುವುದು, ಹೊಗೆ ಹಾಕಿ, ತಲೆಗೆ ಕುಲಾವಿ ಕಟ್ಟಿ, ತೊಟ್ಟಿಲಲ್ಲಿ ಮಲಗಿಸುವುದು ಅವಳ ಕೆಲಸ. ಮೂವತ್ತು ವರ್ಷದಿಂದ ಅದೇ ಕೆಲಸ. "ನನ್ನ ಕೈಯಾಗ ಒಂದು ಕೂಸೂ ಹೋಗಿಲ್ಲ" ಅನ್ನುವ ಮಾತು ಅವಳಿಗಿದ್ದ ಒಂದೇ ಆಸ್ತಿ.

ಆಸ್ತಿ ಅಂಥದ್ದು, ಮಗ ಇಂಥವನು. ಹೆಸರು ತಿರಕಪ್ಪ. ಮೀಸೆ ಬಂದಿತ್ತು, ಬುದ್ಧಿ ಬರುವುದಿತ್ತು. ತಾಯಿಯ ಮಾತು ಒಂದಿನ ಮೀರಿದವನಲ್ಲ. ಅದೇ ತೊಂದರೆ! "ನಾ ಬರೂತನಕ ಇಲ್ಲೇ ಕೂಡು" ಅಂದರೆ, ಮಳೆ ಬಂದರೂ ಅಲ್ಲೇ ಕೂಡುವವನು. ನೆನೆದು ತೊಪ್ಪೆಯಾದ ಮಗನನ್ನು ಒರೆಸುತ್ತಾ ಅವ್ವ ಕೇಳುತ್ತಿದ್ದಳು, "ಊರ ಕೂಸಿಗೆಲ್ಲಾ ಎರದೆ, ಎಲ್ಲಾ ಶ್ಯಾಣ್ಯಾ ಆದ್ವು. ನಿನಗ ಎರಿಯೂ ಮುಂದ ನಾ ಏನ ಕಡಿಮಿ ಮಾಡಿದೆನೋ?"

"ಗೊತ್ತಿಲ್ಲವ್ವಾ. ನಾ ಆಗ ಸಣ್ಣವ ಇದ್ದೆ."

ಅದೇ ಓಣಿಯಲ್ಲಿ ವಾರಿಜಾ ಟೀಚರು ಬಾಡಿಗೆಗಿದ್ದರು. ಏಳು ತಿಂಗಳ ಬಸುರಿ, ಹೆರಿಗೆಗೆ ತವರಿಗೆ ಹೊರಟರು. ಅವರ ಮನೆಯಲ್ಲಿ ಗಾಜಿನ ಪುಟ್ಟ ತೊಟ್ಟಿ. ಅದರಲ್ಲಿ ಹನ್ನೆರಡು ಕೆಂಪು ಸೀಗಡಿ. ತಿನ್ನುವ ಸೀಗಡಿಯಲ್ಲ, ನೋಡುವ ಸೀಗಡಿ. ಎಲ್ಲಕ್ಕಿಂತ ದೊಡ್ಡದು ಅಂದರೆ ಉಗುರಿನಷ್ಟು. ಮೂರರ ಹೊಟ್ಟೆಯ ಕೆಳಗೆ ಸಾಸಿವೆಗಿಂತ ಸಣ್ಣ ತತ್ತಿ. ತೊಟ್ಟಿಯ ಮೂಲೆಯಲ್ಲಿ ಒಂದು ಕರಿ ಡಬ್ಬಿ. ಅದು ಫಿಲ್ಟರು. ಕೆಳಗೆ ಸೀಳು ಸೀಳಾದ ಬಾಯಿ, ಹೊಲಸು ನೀರು ಹೀರುವುದಕ್ಕೆ. ಮೇಲೆ ಮೂಗು, ತಿಳಿನೀರು ಬಿಡುವುದಕ್ಕೆ.

ತೊಟ್ಟಿಯನ್ನು ಫಕೀರವ್ವನ ಮನೆಗೆ ತಂದಿಟ್ಟು ಟೀಚರು ಹೇಳಿದರು, "ನನ್ನ ಹೊಟ್ಯಾಗಿಂದು ನಾ ನೋಡ್ಕೋತೀನಿ ಫಕೀರವ್ವಾ. ಇವುಗಳ ಹೊಟ್ಯಾಗಿಂದು ನೀ ನೋಡ್ಕೋ. ನಾ ಕೂಸು ಎತ್ಕೊಂಡು ಬರೂದ್ರಾಗ ಇಲ್ಲೂ ಮರಿ ಆಡ್ತಿರಬೇಕು."

"ನಿಶ್ಚಿಂತಿಂದ ಹೋಗಿ ಬರ್ರಿ ಟೀಚರ. ನನ್ನ ಕೈಯಾಗ ಒಂದು ಕೂಸೂ ಹೋಗಿಲ್ಲ."

ಟೀಚರು ತಿರಕನ ಕಡೆ ತಿರುಗಿದರು. "ತಿರಕಪ್ಪಾ, ಈ ಫಿಲ್ಟರು ಹಗಲಿ ರಾತ್ರಿ ನಡೀಬೇಕು. ಒಂದು ಗಳಿಗೀನೂ ಬಂದ್ ಮಾಡಬ್ಯಾಡ."

"ಹೂನ್ರಿ ಟೀಚರ. ಬಂದ್ ಮಾಡೂದಿಲ್ಲ."

ಈ ಮಾತು ನೆನಪಿಡಿ. ತಿರಕ ಇಟ್ಟುಕೊಂಡ. ಕರೆಂಟು ಹೋದಾಗ ಡಬ್ಬಿಗೆ ಕೈಮುಗಿದು, "ನಾ ಮಾಡಿದ್ದಲ್ಲಪಾ" ಅನ್ನುತ್ತಿದ್ದ.

ಹದಿನೈದು ದಿನಕ್ಕೆ ಮೊದಲ ಸೀಗಡಿ ಮರಿ ಹಾಕಿತು. ತಿರಕ ಕಣ್ಣಗಲಿಸಿ ನೋಡಿದ. ಕಣ್ಣರೆಪ್ಪೆಯ ಕೂದಲಷ್ಟು ಮರಿಗಳು, ಆದರೂ ಕಾಲಿದ್ದವು, ಮೀಸೆ ಇದ್ದವು! ಮುಂಜಾನೆ ಎಣಿಸಿದಾಗ ಇಪ್ಪತ್ತು. ಮಧ್ಯಾಹ್ನ ಐದು. ಸಂಜೆಗೆ ಒಂದು. ಆ ಒಂದು ಮರಿ ಡಬ್ಬಿಯ ಬಾಯಿಯ ಹತ್ತಿರ ಹೋಯಿತು, ಕಾಲು ಬಡಿಯಿತು, ಸೀಳಿನೊಳಗೆ ಸರ್ರನೆ ಹೋಯಿತು.

"ಅವ್ವಾ! ಡಬ್ಬಿ ಕೂಸು ತಿಂತು!"

ಫಕೀರವ್ವ ನೋಡಿದಳು. ಮೂವತ್ತು ವರ್ಷದ ಮಾತು ಒಂದೇ ಹಗಲಿನಲ್ಲಿ ಹೋಗಿತ್ತು.

ತಾಯಿ ಮಗ ಇಬ್ಬರೂ ಟೀಚರು ಸೀಗಡಿ ಕೊಂಡಿದ್ದ ಬಣ್ಣದ ಮೀನಿನ ಅಂಗಡಿಗೆ ಹೋದರು. ಅಂಗಡಿಯವನ ಹೆಸರು ಉಮಾಪತಿ. ಅವನು ನಕ್ಕ.

"ತಿನ್ನದ ಏನ ಮಾಡತೈತಿ? ಮರಿ ಯಾವುದು, ಹೊಲಸು ಯಾವುದು, ಅದಕ್ಕ ತಿಳೀತೈತೇನು? ಬಾಯಿ ಮುಚ್ಚಬೇಕಿತ್ತು."

"ಟೀಚರಿಗೆ ಮಾರೂವಾಗ ಹೇಳಬೇಕಿತ್ತಲ್ಲಪಾ?"

"ಯಾರ ಕೇಳಿದ್ರು?"

ಯಾರ ಕೇಳಿದ್ರು! ಕೇಳಬೇಕು ಅಂತ ಗೊತ್ತಿದ್ದವರು ಕೇಳುತ್ತಾರೆ. ಗೊತ್ತಿಲ್ಲದವರ ಕೂಸು ಹೋಗುತ್ತದೆ. ಅಂಗಡಿ ಇಟ್ಟವನಿಗೆ ಇಷ್ಟು ಹೇಳುವುದಕ್ಕೆ ಬಾಯಿ ಇಲ್ಲ, ನಗುವುದಕ್ಕೆ ಇದೆ.

ಫಕೀರವ್ವ ಮಗನಿಗೆ ಹೇಳಿದಳು, "ಕೇಳಿದಿಲ್ಲೋ? ಡಬ್ಬಿ ಬಾಯಿ ಮುಚ್ಚಬೇಕಂತ. ತಿಳೀತೇನು?"

"ತಿಳೀತವ್ವಾ. ಬಾಯಿ ಮುಚ್ಚಬೇಕು."

ಮರುದಿನ ಅವ್ವ ಎರೆಯಲು ಹೋದಳು. ತಿರಕ ರೊಟ್ಟಿಗೆ ನಾದಿಟ್ಟ ಜೋಳದ ಹಿಟ್ಟು ತಂದ. ಒಂದೊಂದೇ ಸೀಳಿಗೆ ತುಂಬಿ ಹೆಬ್ಬೆರಳಿಂದ ಒತ್ತಿದ. ಅದರ ಮೇಲೆ ಅರಿವೆ ಸುತ್ತಿದ. ಅರಿವೆಯ ಮೇಲೆ ಸೆಣಬಿನ ದಾರ ಬಿಗಿದ. ಕಚ್ಚುವ ಎತ್ತಿಗೆ ಕುಕ್ಕೆ ಕಟ್ಟುವುದಕ್ಕಿಂತ ಭದ್ರವಾಗಿ ಕಟ್ಟಿದ. ಡಬ್ಬಿ ಗುರ್ರ್ ಅಂದಿತು. ಆಮೇಲೆ ಗೊಂಯ್ಯ್ ಅಂದಿತು. ಆಮೇಲೆ ಬಿಸಿಯಾಯಿತು. ಹಿಟ್ಟು ಕರಗಿ ತೊಟ್ಟಿಯ ನೀರು ಅಂಬಲಿಯಾಯಿತು. ಸೀಗಡಿಗಳು ಉಸಿರಿಗೆ ಮೇಲೆ ಮೇಲೆ ಹತ್ತಿದವು.

ಅವ್ವ ಬಂದಳು. ತಿರಕ ಹಲ್ಲು ಕಿರಿದ. "ಅವ್ವಾ, ಇನ್ನ ಅಂಜಿಕಿಲ್ಲ. ಅದಕ್ಕ ಬಾಯೇ ಇಲ್ಲ!"

"ಅಯ್ಯ ನನ್ನ ಹಣೇಬರಾ! ಬಾಯಿ ಪೂರಾ ಮುಚ್ಚಿದ್ರ ಅದು ನೀರು ಎಲ್ಲಿಂದ ಕುಡೀಬೇಕೋ?"

"ಮುಚ್ಚು ಅಂದಿದ್ರೆಲ್ಲ?"

"ನೀರು ಒಳಗ ಹೋಗಬೇಕು, ಕೂಸು ಹೋಗಬಾರದು! ಅಂಥಾದ್ದು ಹಾಕಬೇಕು! ಸ್ಪಾಂಜು ಹಾಕಬೇಕು, ಸ್ಪಾಂಜು!"

"ತಿಳೀತವ್ವಾ. ಸ್ಪಾಂಜು ಹಾಕಬೇಕು."

ತಿಳಿದಿರಲಿಲ್ಲ. ಮುಚ್ಚು ಅಂದರು, ಮುಚ್ಚಿದ. ಮುಚ್ಚಿದ್ದಕ್ಕೆ ಬೈದರು. ಹಾಗಾದರೆ ಮುಚ್ಚು ಅಂತ ಯಾಕೆ ಅಂದರು? ಅವ್ವ ಹಿಟ್ಟು ಕೆರೆದು ತೆಗೆದು ನೀರು ಬದಲಿಸಿದಳು. ರಾತ್ರಿ ಊಟ ಮಾಡುವಾಗಲೂ ತಿರಕ ಅದನ್ನೇ ಕೇಳಿಕೊಂಡ. ರೊಟ್ಟಿಯಂತೂ ಇರಲಿಲ್ಲ. ಹಿಟ್ಟೆಲ್ಲ ಡಬ್ಬಿ ತಿಂದಿತ್ತು.

ಮರುದಿನ ಸ್ಪಾಂಜು ಹುಡುಕಿದ. ಮನೆಯಲ್ಲಿ ಸ್ಪಾಂಜು ಇದ್ದದ್ದು ಒಂದೇ, ಮುಸುರೆ ತಿಕ್ಕುವ ಜಾಗದಲ್ಲಿ. ಹಳದಿ, ಮೆತ್ತಗೆ, ಹೊಟ್ಟೆ ತುಂಬ ಸಾಬೂನು. ಡಬ್ಬಿಯ ಬಾಯಿಗೆ ಕಟ್ಟಿಯೇ ಬಿಟ್ಟ. ಮೂಗಿನಿಂದ ಬುರುಗು ಬಂತು. ಬುರುಗು ತೊಟ್ಟಿ ತುಂಬಿ ಅಂಚಿನಿಂದ ಇಳಿಯಿತು.

"ಅವ್ವಾ, ಡಬ್ಬಿ ಹಾಲು ಉಕ್ಕಸಾಕತ್ತೈತಿ!"

ಫಕೀರವ್ವ ಚಹಾದ ಜಾಳಿಗೆ ಹಿಡಿದು ಓಡಿ ಬಂದಳು. ಬುರುಗಿನಲ್ಲಿ ಕೈಯಾಡಿಸಿ ಒಂದೊಂದೇ ಸೀಗಡಿ ಹೆಕ್ಕಿ ಬೋಗುಣಿಯ ಒಳ್ಳೆಯ ನೀರಿಗೆ ಬಿಟ್ಟಳು. ಎರಡು ಮಗ್ಗುಲಾಗಿ ಬಿದ್ದವು, ಏಳಲಿಲ್ಲ. ಹತ್ತು ಉಳಿದವು. ತತ್ತಿ ಹೊತ್ತ ಎರಡೂ ಆ ಹತ್ತರಲ್ಲಿದ್ದವು, ಪುಣ್ಯ.

"ಬಾಣಂತಿ ಮನಿಗೆ ಮುಸುರಿ ಸ್ಪಾಂಜು ತರ್ತಾರೇನೋ? ಸಾಬೂನು ಅಂದ್ರ ಇವಕ್ಕ ವಿಷ!"

"ಸ್ಪಾಂಜು ಹಾಕು ಅಂದಿದ್ದೆಲ್ಲ ಅವ್ವಾ?"

"ಕೂಸಿನ ಅರಿವಿ ನಾವು ಕುದಿಸಿ ಹಾಕೂದಿಲ್ಲೇನು? ಹಂಗ! ಈ ತೊಟ್ಟಿಗೆ ಏನ ಹಾಕಿದ್ರೂ ಮೊದಲ ಕುದಿಯೂ ನೀರಾಗ ಎದ್ದಿ ಹಾಕಬೇಕು. ತಿಳೀತೇನು?"

"ತಿಳೀತವ್ವಾ. ಏನ ಹಾಕಿದ್ರೂ ಮೊದಲ ಕುದಿಯೂ ನೀರಾಗ."

ಅವ್ವ ತೊಟ್ಟಿಯ ಪಾಚಿ, ಕಲ್ಲನ್ನೂ ಬೋಗುಣಿಗೆ ತೆಗೆದಿಟ್ಟು ತೊಟ್ಟಿ ತೊಳೆದಳು. ಹಿಂದಿನ ದಿನ ತುಂಬಿಟ್ಟಿದ್ದ ನೀರು ಸುರಿದಳು. ಎಣ್ಣೆಯ ಹೊತ್ತಾಯಿತು ಅಂತ ಸೆರಗು ಸಿಕ್ಕಿಸಿ ಹೊರಟಳು. ಹೋಗುತ್ತಾ ಬಾಗಿಲಿಂದ ಕೂಗಿದಳು, "ನಾ ಬರೂದ್ರಾಗ ಬೋಗುಣಿಯಾಗಿಂದೆಲ್ಲಾ ತೊಟ್ಟಿಗೆ ಹಾಕಿರು!"

ತಿರಕ ಒಲೆ ಹಚ್ಚಿದ. ನೀರು ಕೊತಕೊತ ಕುದಿಯಿತು. ಮೊದಲು ತೊಟ್ಟಿಯ ಪಾಚಿ ಎದ್ದಿದ. ಅದು ಬೆಂದು ಪುಂಡಿಪಲ್ಯೆ ಆಯಿತು. ತೊಟ್ಟಿಗೆ ಹಾಕಿದ. ಕಲ್ಲು ಎದ್ದಿದ. ತೊಟ್ಟಿಗೆ ಹಾಕಿದ. ಇನ್ನು ಉಳಿದದ್ದು ಸೀಗಡಿ. ಹತ್ತನ್ನೂ ಜಾಳಿಗೆಯಲ್ಲಿ ಎತ್ತಿ ಕುದಿಯುವ ಪಾತ್ರೆಯ ಮೇಲೆ ತಂದ. ಹಬೆ ತಾಗಿ ಸೀಗಡಿಗಳು ಚಟಚಟ ಜಿಗಿದವು.

ತಿರಕನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ತಾನೇ ಸಮಾಧಾನ ಮಾಡಿದ. "ಅಳಬ್ಯಾಡ್ರೋ. ಎರಿಯೂ ಮುಂದ ಎಲ್ಲಾ ಕೂಸೂ ಅಳ್ತಾವು."

ಎಣ್ಣೆ ಗಿಂಡಿ ಮರೆತು ಹೊರಳಿ ಬಂದಿದ್ದ ಫಕೀರವ್ವ ಹೊಸ್ತಿಲಲ್ಲಿ ಇದನ್ನು ಕೇಳಿದಳು. ಒಂದೇ ಜಿಗಿತಕ್ಕೆ ಒಲೆಯ ಮುಂದಿದ್ದಳು. ಮಗನ ಮುಂಗೈಗೆ ಫಟ್ ಅಂತ ಹೊಡೆದಳು. ಜಾಳಿಗೆ ಹಾರಿ ತಣ್ಣೀರ ಬೋಗುಣಿಯಲ್ಲಿ ಬಿತ್ತು. ಹತ್ತೂ ಬದುಕಿದವು. ಒಂದು ಉಸಿರು ತಡವಾಗಿದ್ದರೆ ಸಾರು!

"ಮೂಳಾ! ಬಸುರ್ಯಾರನ್ನ ಕುದಸಾಕ ನಿಂತಿದ್ದೆಲ್ಲೋ!"

"ಏನ ಹಾಕಿದ್ರೂ ಅಂದಿದ್ದೆಲ್ಲ ಅವ್ವಾ?"

ಅಂದಿದ್ದಳು. ಅದಕ್ಕೇ ಇನ್ನೂ ಸಿಟ್ಟು ಬಂತು. "ಕೂಸಿಗೆ ಎರಿಯೂ ಮುಂದ ನಾ ಮೊದಲ ನೀರಾಗ ನನ್ನ ಮೊಣಕೈ ಎದ್ದಿ ನೋಡೂದಿಲ್ಲೇನು? ಹಂಗ! ಇನ್ನ ಮ್ಯಾಲ ಏನ ಮಾಡೂದಿದ್ರೂ ಮೊದಲ ನಿನ್ನ ಮೈಮ್ಯಾಲ ಮಾಡಿ ನೋಡು, ಆಮ್ಯಾಲ ಅವಕ್ಕ ಮಾಡು. ತಿಳೀತೇನು?"

"ತಿಳೀತವ್ವಾ. ಮೊದಲ ನನ್ನ ಮೈಮ್ಯಾಲ."

ಫಕೀರವ್ವ ಮತ್ತೆ ಉಮಾಪತಿಯ ಅಂಗಡಿಗೆ ಹೋದಳು. "ಸಾಬೂನು ಕಾಣದ ಸ್ಪಾಂಜು ಎಲ್ಲಿ ಸಿಗತೈತಪಾ?" ಉಮಾಪತಿ ಬಗ್ಗಿ ಗಲ್ಲಾಪೆಟ್ಟಿಗೆಯ ಕೆಳಗಿಂದ ಒಂದು ಸ್ಪಾಂಜು ತೆಗೆದ. ಕರಿದು, ಸಣ್ಣ ಸಣ್ಣ ರಂಧ್ರದ್ದು, ಡಬ್ಬಿಯ ಬಾಯಿಗೆ ತೊಡಿಸಲು ನಡುವೆ ಒಂದು ತೂತು. "ಇದಕ್ಕಂತನ ಬರತೈತಿ, ನೋಡವಾ."

ಇಷ್ಟು ದಿನ ಅಲ್ಲೇ ಇತ್ತು! ಅವನ ಕಾಲ ಬುಡದಲ್ಲಿ! ಮೊದಲನೇ ದಿನ ತಾಯಿ ಮಗ ಬಂದು ನಿಂತಾಗಲೂ ಅಲ್ಲೇ ಇತ್ತು. "ಬಾಯಿ ಮುಚ್ಚಬೇಕಿತ್ತು" ಅನ್ನುವಾಗಲೂ ಅಲ್ಲೇ ಇತ್ತು. ಬಗ್ಗಿ ತೆಗೆಯುವುದಕ್ಕೆ ಅವನ ಸೊಂಟ ಬಾಗಲಿಲ್ಲ. ಇವನನ್ನು ಯಾರೂ ಪೆದ್ದ ಅನ್ನಲಿಲ್ಲ, ಬರೆದಿಟ್ಟುಕೊಳ್ಳಿ.

ಅವ್ವ ಸ್ಪಾಂಜನ್ನು ತಾನೇ ಕುದಿಸಿ ಆರಿಸಿ ಮಗನ ಕೈಗೆ ಕೊಟ್ಟಳು. "ಇದನ್ನ ಡಬ್ಬಿ ಬಾಯಿಗೆ ತೊಡಸು. ತೊಡಿಸಿ, ಬಾಣಂತಿ ಮನಿ ಹುಲಗವ್ವಗ ಹೋಗಿ ಹೇಳು, ನಮ್ಮವ್ವ ಇವತ್ತ ತಡಾ ಬರ್ತಾಳಂತ."

ಮೊದಲು ತನ್ನ ಮೈಮೇಲೆ ಅಲ್ಲವೇ? ತಿರಕ ಸ್ಪಾಂಜನ್ನು ತನ್ನ ಬಾಯಿಗೇ ಕಟ್ಟಿಕೊಂಡ. ಉಸಿರೆಳೆದ. ಉಸಿರು ಬಂತು. "ನೀರೂ ಹೋಗತೈತಿ" ಅಂದುಕೊಂಡ. ಒಂದು ಚಿಟಿಕೆ ಸಣ್ಣ ರವೆ ಮೇಲೆ ಹಾಕಿ ಜಗ್ಗಿ ಎಳೆದ. ರವೆ ಬಾಯಿಗೆ ಬರಲಿಲ್ಲ. "ಕೂಸು ಹೋಗೂದಿಲ್ಲ" ಅಂದುಕೊಂಡ. ನಿಜ ಹೇಳಿ, ಆ ಸ್ಪಾಂಜನ್ನು ಹೀಗೆ ಪರೀಕ್ಷೆ ಮಾಡಿದವರು ಆ ಊರಲ್ಲಿ ಇನ್ನೊಬ್ಬರಿದ್ದರೇ? ಆದರೆ ಎಷ್ಟು ಹೊತ್ತು ತನ್ನ ಮೈಮೇಲೆ ನೋಡಬೇಕು ಅಂತ ಅವ್ವ ಹೇಳಿರಲಿಲ್ಲ. ಕಟ್ಟಿಕೊಂಡೇ ಹುಲಗವ್ವನ ಮನೆಗೆ ಹೋದ.

"ಏನಲೇ ತಿರಕಾ, ನಿಮ್ಮವ್ವ ಎಲ್ಲಿ?"

"ಮ್ಮ್ ಮ್ಮ್ ಮ್ಮ್."

"ಅಯ್ಯಯ್ಯ! ಬಾಯಿಗೆ ಏನಾಗೇತೋ?"

"ಮ್ಮ್ ಮ್ಮ್!"

ಹುಲಗವ್ವ ದಢಾರನೆ ಬಾಗಿಲು ಹಾಕಿದಳು. "ಫಕೀರವ್ವನ ಮನ್ಯಾಗ ಎಂಥಾದೋ ರೋಗ ಬಂದೈತ್ರೆವ್ವಾ! ಆಕಿ ಕೈಲೆ ಕೂಸು ಮುಟ್ಟಸಬ್ಯಾಡ್ರಿ!" ಆ ದಿನ ಫಕೀರವ್ವನನ್ನು ಹೊಸ್ತಿಲ ಹೊರಗೇ ನಿಲ್ಲಿಸಿದರು. ಒಳಗೆ ಕೂಸು ಎಣ್ಣೆಗೆ ಅಳುತ್ತಿತ್ತು.

ಮನೆಗೆ ಬಂದವಳ ದನಿಯಲ್ಲಿ ಕೂಗುವ ಶಕ್ತಿಯೂ ಉಳಿದಿರಲಿಲ್ಲ. "ನಿನ್ನ ಬಾಯಿಗಲ್ಲೋ ನನ್ನಪ್ಪಾ. ಡಬ್ಬಿ ಬಾಯಿಗೆ. ಕೂಸಿಗೆ ಕುಲಾವಿ ತೊಡಸಿದಂಗ ತೊಡಸು. ಕೂಸಿನ ತಲಿ ಹೆಂಗ ಒಂದು ಗಳಿಗೀನೂ ಬರೀದ ಬಿಡೂದಿಲ್ಲೋ, ಡಬ್ಬಿ ಬಾಯೀನೂ ಹಂಗ ಬರೀದ ಬಿಡಬಾರದು. ತಿಳೀತೇನು?"

"ತಿಳೀತವ್ವಾ. ಕೂಸಿನ ತಲಿ ಬರೀದ ಬಿಡಬಾರದು. ಡಬ್ಬಿ ಬಾಯಿ ಬರೀದ ಬಿಡಬಾರದು."

ಈ ಸಲ ಅವ್ವ ಬರೀ ಹೇಳಲಿಲ್ಲ. ಮಗನ ಕೈ ಮೇಲೆ ತನ್ನ ಕೈ ಇಟ್ಟು, ಇಬ್ಬರೂ ಸೇರಿ ತೊಡಿಸಿದರು. ಒಂದು ಸೀಳೂ ಹೊರಗೆ ಕಾಣಲಿಲ್ಲ. ನೀರು ಹೋಗುತ್ತಿತ್ತು, ಬರುತ್ತಿತ್ತು. ಡಬ್ಬಿ ಸಣ್ಣಗೆ ಗುನುಗುತ್ತಿತ್ತು. ಐದು ತಿಂಗಳಲ್ಲಿ ಸರಿಯಾಗಿ ಆದ ಕೆಲಸ ಇದೊಂದೇ, ಮತ್ತು ಅದು ಕೈ ಹಿಡಿದು ತೋರಿಸಿದ ಕೆಲಸ.

ಉಳಿದೆರಡು ಸೀಗಡಿಗಳೂ ಮರಿ ಹಾಕಿದವು. ನಲವತ್ತು! ಮುಂಜಾನೆ ನಲವತ್ತು, ಸಂಜೆಗೂ ನಲವತ್ತು. ಮರಿಗಳು ಸ್ಪಾಂಜಿನ ಮೇಲೆಯೇ ಕೂತು, ಅಲ್ಲಿ ಹತ್ತಿದ ಹೊಲಸನ್ನೇ ಸಣ್ಣ ಕೈಯಿಂದ ತಿಂದು ಬೆಳೆದವು. ತಿನ್ನುತ್ತಿದ್ದ ಬಾಯಿಯೇ ಉಣಿಸುವ ತಟ್ಟೆಯಾಯಿತು. ಫಕೀರವ್ವ ದಿನಾ ಎಣಿಸಿ, ದಿನಾ ದೃಷ್ಟಿ ತೆಗೆದಳು.

ಅಷ್ಟರಲ್ಲಿ ಟೀಚರು ಬರುವ ದಿನ ಬಂತು. ನೋಡಿದರೆ ಸ್ಪಾಂಜಿಗೆ ಪಾಚಿ ಹತ್ತಿ ನೀರು ತಡೆದು ತಡೆದು ಬರುತ್ತಿದೆ. ಅವ್ವ ಹೇಳಿದಳು, "ತೊಟ್ಟಿ ನೀರ ಬೋಗುಣಿಯಾಗ ತಗೊಂಡು, ಕುಲಾವಿ ತೆಗೆದು ಅದರಾಗ ಹಿಂಡಿ, ಹೊಳ್ಳಿ ತೊಡಸು. ನಳದ ನೀರು ಮುಟ್ಟಸಬ್ಯಾಡ." ಹೇಳಿ ಎರೆಯಲು ಹೋದಳು.

ತಿರಕ ಸ್ಪಾಂಜು ತೆಗೆದ. ಡಬ್ಬಿ ನಡೆಯುತ್ತಲೇ ಇತ್ತು. ಬಂದ್ ಮಾಡಬ್ಯಾಡ ಅಂದಿದ್ದರಲ್ಲ! ಬಾಯಿ ಬರಿದಾಯಿತು. ಬರಿದು ಬಿಡಬಾರದು! ತಟ್ಟನೆ ಎಡಗೈ ತೊಟ್ಟಿಗೆ ಹಾಕಿ ಅಂಗೈಯಿಂದ ಬಾಯಿ ಮುಚ್ಚಿದ. ಬಲಗೈಯಲ್ಲಿ ಸ್ಪಾಂಜು. ಹಿಂಡಲು ಹೋದ. ಸ್ಪಾಂಜಿನ ತುಂಬ ಮರಿ! ಮೊದಲು ತನ್ನ ಮೈಮೇಲೆ ನೋಡಬೇಕು. ತೊಡೆಯನ್ನು ಗೋಡೆಗೆ ಒತ್ತಿ ಹಿಂಡಿಕೊಂಡ. ನೋವಾಯಿತು. ಅಂದ ಮೇಲೆ ಹಿಂಡಬಾರದು. ಹಿಂಡದೆ ತೊಡಿಸಬಾರದು. ತೊಡಿಸದೆ ಕೈ ತೆಗೆಯಬಾರದು. ಒಂದು ಮಾತು ಟೀಚರದು, ಉಳಿದವೆಲ್ಲ ಅವ್ವನವು, ಎಲ್ಲವೂ ಸರಿಯಾದದ್ದೇ. ಎಲ್ಲ ಸೇರಿ ಅವನನ್ನು ಕಟ್ಟಿಹಾಕಿದ್ದವು. ಸ್ಪಾಂಜನ್ನು ಬೋಗುಣಿಯ ನೀರಲ್ಲಿ ಮುಳುಗಿಸಿ, ತೊಟ್ಟಿಯಲ್ಲಿ ಕೈ ಇಟ್ಟುಕೊಂಡು ಮಧ್ಯಾಹ್ನದವರೆಗೆ ಕೂತ. ಅಂಗೈ ಸುಕ್ಕಾಯಿತು.

ಫಕೀರವ್ವನೂ ಟೀಚರೂ ಒಟ್ಟಿಗೇ ಬಂದರು. ಟೀಚರ ಕಂಕುಳಲ್ಲಿ ಮೂರು ತಿಂಗಳ ಕೂಸು, ತಲೆಗೆ ಬಿಳಿ ಉಣ್ಣೆಯ ಕುಲಾವಿ. ಅವ್ವ ಚಹಾಕ್ಕಿಡಲು ಒಳಗೆ ಹೋದಳು.

"ತಿರಕಪ್ಪಾ, ನಮ್ಮ ಕೂಸನ್ನ ಹಿಡ್ಕೊಳ್ಳೂದಿಲ್ಲೇನು? ಎರಡೂ ಕೈಲೆ ಹಿಡೀಬೇಕು ಮತ್ತ!" ಅಂತ ಟೀಚರು ಕೂಸನ್ನು ಅವನ ತೊಡೆಯ ಮೇಲೆ ಮಲಗಿಸಿ, ಅತ್ತ ತಿರುಗಿ ಚೀಲ ಬಿಚ್ಚಿದರು.

ಎರಡೂ ಕೈಲೆ! ತಿರಕ ಡಬ್ಬಿ ನೋಡಿದ. ಕೂಸು ನೋಡಿದ. ಕೂಸಿನ ತಲೆಯಿಂದ ಕುಲಾವಿ ತೆಗೆದು ಡಬ್ಬಿಯ ಬಾಯಿಗೆ ತೊಡಿಸಿದ. ಡಬ್ಬಿ ಬಾಯಿ ಬರಿದಿಲ್ಲ. ಆದರೆ ಕೂಸಿನ ತಲೆ ಬರಿದಾಯಿತಲ್ಲ? ಸುತ್ತ ನೋಡಿದ. ತೊಡಿಸಲು ಉಳಿದದ್ದು ಒಂದೇ.

ಟೀಚರು ತಿರುಗಿದರು. ಕೂಸಿನ ತಲೆಯ ಮೇಲೆ ಹಸಿರು ಪಾಚಿಯ ಸ್ಪಾಂಜು. ಮೂಗಿನ ಮೇಲೆ ನೀರು ತೊಟ್ಟಿಕ್ಕುತ್ತಿದೆ. ಹಣೆಯ ಮೇಲೆ, ಹುಬ್ಬಿನ ಮೇಲೆ ಸೀಗಡಿ ಮರಿ ಹರಿದಾಡುತ್ತಿವೆ. ಕೂಸು ಕೇಕೆ ಹಾಕುತ್ತಿದೆ. ತಿರಕ ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದಿದ್ದಾನೆ.

"ಎಲ್ಲಾರಿಗೂ ಕುಲಾವಿ ಆತ್ರಿ ಟೀಚರ. ಒಂದೂ ಬರೀದಿಲ್ಲ!"

ಟೀಚರ ಕೂಗಿಗೆ ಫಕೀರವ್ವ ಓಡಿ ಬಂದಳು. ಬೈಯಲು ಹೊತ್ತಿರಲಿಲ್ಲ. ನೆಲದ ಮೇಲೆ ಕಾಲು ಚಾಚಿ ಕೂತಳು, ಕೂಸನ್ನು ಕಾಲ ಮೇಲೆ ಮಲಗಿಸಿದಳು, ಕೆಳಗೆ ಹಿಟ್ಟು ನಾದುವ ಪರಾತ ಇಟ್ಟಳು, ತೊಟ್ಟಿಯ ನೀರನ್ನೇ ಲೋಟದಿಂದ ಎರೆದಳು. ಎರೆದಂತೆ ಮರಿಗಳು ಪರಾತಕ್ಕೆ ಇಳಿದವು. ಸ್ಪಾಂಜನ್ನು ಅದರಲ್ಲೇ ಮೆಲ್ಲಗೆ ಅಲುಗಿಸಿದಳು. ಇನ್ನಷ್ಟು ಇಳಿದವು. ಮೂವರೂ ಬಗ್ಗಿ ಎಣಿಸಿದರು. ಮೂವತ್ತೊಂಬತ್ತು.

"ಇನ್ನೊಂದು?" ಫಕೀರವ್ವ ಮೊದಲಿಂದ ಮತ್ತೆ ಎಣಿಸಿದಳು.

ಕೂಸಿನ ಕಿವಿಯ ಹಿಂದೆ ಇತ್ತು.

"ನನ್ನ ಕೈಯಾಗ..." ಅಂದಳು ಫಕೀರವ್ವ. ಮೊದಲ ಇಪ್ಪತ್ತು ಮರಿ, ಆಮೇಲಿನ ಎರಡು ಸೀಗಡಿ, ಅವಳಿಗೆ ನೆನಪಿದ್ದವು.

ಟೀಚರು ಉಸಿರು ಬಿಟ್ಟು ಹೇಳಿದರು, "ಫಿಲ್ಟರು ಬಂದ್ ಮಾಡಿ ತೊಳೀಬೇಕಿತ್ತಲ್ಲೋ ತಿರಕಪ್ಪಾ!"

"ಬಂದ್ ಮಾಡಬ್ಯಾಡ ಅಂದಿದ್ರೆಲ್ರಿ?"

ಟೀಚರು ತೊಟ್ಟಿ ನೋಡಿದರು, ನೆಲ ನೋಡಿದರು. "ಅಂದಿದ್ದೆ" ಅಂದರು. "ಈಗ ಬಂದ್ ಮಾಡು."

ತಿರಕ ಬಂದ್ ಮಾಡಿದ. ಡಬ್ಬಿಯಿಂದ ಕೂಸಿನ ಕುಲಾವಿ ತೆಗೆದು, ಸ್ಪಾಂಜು ತೊಳೆದು ತೊಡಿಸಿದರು, ಮರಿಗಳನ್ನು ತೊಟ್ಟಿಗೆ ಬಿಟ್ಟರು, ಚಹಾ ಕುಡಿದರು, ನಕ್ಕರು, ತೊಟ್ಟಿ ನಾಳೆ ಒಯ್ದರಾಯಿತು ಅಂತ ಟೀಚರು ಕೂಸು ಎತ್ತಿಕೊಂಡು ಹೋದರು. ಹೊಳ್ಳಿ ಹಚ್ಚು ಅಂತ ಯಾರೂ ಹೇಳಲಿಲ್ಲ. ತಿರಕ ಸ್ವಿಚ್ಚಿನ ಮೇಲೆ ಬೆರಳಿಟ್ಟು ಇನ್ನೂ ಕಾಯುತ್ತಾ ನಿಂತಿದ್ದಾನೆ.

ನಕ್ಕಿರಾ? ಸರಿ, ಈಗ ಎದ್ದೇಳಿ. ನಿಮ್ಮ ಮನೆಯ ತೊಟ್ಟಿಗೆ ಹೋಗಿ ಡಬ್ಬಿಯ ಬಾಯಿ ನೋಡಿ. ಬರಿದಿದ್ದರೆ ಆರಿಸಿ, ಸಾಬೂನು ಕಾಣದ ಸಣ್ಣ ರಂಧ್ರದ ಸ್ಪಾಂಜು ತೊಡಿಸಿ, ಮತ್ತೆ ಹಚ್ಚಿ. ಇನ್ನೊಬ್ಬರಿಗೆ ಬಾಯಲ್ಲಿ ಹೇಳಿ ಕಳಿಸಬೇಡಿ, ಅವರ ಕೈ ಹಿಡಿದು ತೊಡಿಸಿ. ನಿಮಗೆ ಬರಿ ಬಾಯಿಯ ಡಬ್ಬಿ ಮಾರಿದವನಿದ್ದಾನಲ್ಲ, ನಾಳೆ ಮುಂಜಾನೆ ಅದನ್ನು ಒಯ್ದು ಅವನ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟು, ಅಂಗಡಿಗೆ ಬಂದವರಿಗೆಲ್ಲ ಕೇಳುವಂತೆ ಕೇಳಿ: ಇದರ ಕುಲಾವಿ ಎಲ್ಲಿ?